ತೆರೆಯದ ಹಗೇವು

ಓಲೆಗರಿಗೆ ಗೆದ್ದಲು ಶತ್ರು, ಕಾಗದಕ್ಕೆ ನೀರು ಶತ್ರು. ಗಣಕಯಂತ್ರದ ಡಿಸ್ಕಿನಲ್ಲಿಟ್ಟ ಬರಹಕ್ಕಾದರೋ ಅನೇಕ ಸಲ ಒಡೆಯನ ಗಾಬರಿಯೇ ಶತ್ರುವಾಗುತ್ತದೆ. ಹಳೆಯ ಪತ್ರಿಕೆಗಳ ಪುಟಗಳು, ಹಿರಿಯರ ಧ್ವನಿಮುದ್ರಣಗಳು, ಮನೆತನದ ಚಿತ್ರಗಳು ಎಲ್ಲವೂ ಇಂದು ಡಿಸ್ಕುಗಳನ್ನು ಸೇರಿವೆ. ಒಂದು ದಿನ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲನೆ ಕೊಟ್ಟಾಗ ಆ ಸಂಗ್ರಹವಿದ್ದ ಜಾಗ ಬರಿದಾಗಿ ಕಂಡಿತೆನ್ನಿ. ಆಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ತಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ.

ಉದಾಹರಣೆಗಾಗಿ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು ತೆಗೆದುಕೊಳ್ಳುತ್ತೇನೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮತ್ತು ಅವರ ಸಂಗಡಿಗರು 2001ರಲ್ಲಿ ಇದರ ಕೆಲಸಕ್ಕೆ ತೊಡಗಿದರು. 2005ರಲ್ಲಿ ಇದರ ಮೂಲಲಿಪಿ ಎಲ್ಲರಿಗೂ ದೊರೆಯುವಂತಾಯಿತು. ಹಲವು ಡಿಸ್ಕುಗಳನ್ನು ಕೂಡಿಸಿ ಒಂದೇ ಕಣಜವನ್ನಾಗಿ ಮಾಡುವುದು ಇದರ ರೀತಿ. ಆ ಕಣಜಕ್ಕೆ ಪೂಲ್ ಎಂದು ಹೆಸರು. ಪೂಲನ್ನು ಗುರುತಿಸಿ ಯಂತ್ರದ ವಶಕ್ಕೆ ತರುವುದು ಇಂಪೋರ್ಟ್; ಅದರೊಳಗಿನ ಕಡತಗಳನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ತೆರೆದಿಡುವುದು ಮೌಂಟ್. ಇವೆರಡೂ ಬೇರೆ ಬೇರೆ ಕ್ರಿಯೆಗಳು. ಯಾವುದು ತಪ್ಪಿದರೂ ನೋಡುವವನಿಗೆ ಕಾಣುವುದು ಒಂದೇ: ಶೂನ್ಯ.

ಈ ವ್ಯವಸ್ಥೆಯ ಗುಣವನ್ನು ಶ್ಯಾನುಭೋಗರ ಲೆಕ್ಕದ ಪುಸ್ತಕಕ್ಕೆ ಹೋಲಿಸಬಹುದು. ಹಳೆಯ ಸಾಲನ್ನು ಕೆರೆದು ಅದರ ಮೇಲೆಯೇ ಹೊಸದನ್ನು ಬರೆಯುವ ಪದ್ಧತಿ ಇಲ್ಲಿಲ್ಲ. ಹೊಸದನ್ನು ಖಾಲಿ ಜಾಗದಲ್ಲಿ ಪೂರ್ತಿಯಾಗಿ ಬರೆದು, ಕಟ್ಟಕಡೆಗೆ ಅನುಕ್ರಮಣಿಕೆಯನ್ನು ಬದಲಿಸಲಾಗುತ್ತದೆ. ನಡುವೆ ವಿದ್ಯುತ್ತು ಹೋದರೂ ಹಿಂದಿನ ಅನುಕ್ರಮಣಿಕೆ ಉಳಿದೇ ಇರುತ್ತದೆ. ಪ್ರತಿಯೊಂದು ಡಿಸ್ಕಿನಲ್ಲಿಯೂ ಪೂಲಿನ ವಿಳಾಸಪಟ್ಟಿ ನಾಲ್ಕು ಕಡೆ ಇದೆ: ಎರಡು ತಲೆಯಲ್ಲಿ, ಎರಡು ಬಾಲದಲ್ಲಿ. ಆದ್ದರಿಂದ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ.

ಇದನ್ನರಿಯದವರು ಮಾಡುವ ಅನಾಹುತವೊಂದುಂಟು. ನನಗೆ ಪರಿಚಯವಿರುವ ಒಂದು ಸಣ್ಣ ವಾಚನಾಲಯದಲ್ಲಿ ಹಲವು ವರ್ಷಗಳ ಪತ್ರಿಕೆಗಳ ಛಾಯಾಪ್ರತಿಗಳು ಹೀಗೆ ಮರೆಯಾದಾಗ, ಯಂತ್ರವನ್ನು ನೋಡಿಕೊಳ್ಳುತ್ತಿದ್ದ ತರುಣನು ಅದೇ ಹೆಸರಿನ ಹೊಸ ಪೂಲನ್ನು ನಿರ್ಮಿಸಲು ಸಿದ್ಧನಾಗಿದ್ದ. ಮೂಲ ಪತ್ರಿಕೆಗಳಲ್ಲಿ ಅರ್ಧಕ್ಕರ್ಧ ಆಗಲೇ ಪುಡಿಯಾಗಿ ಹೋಗಿದ್ದವು. ಸಕಾಲದಲ್ಲಿ ಅವನ ಕೈ ತಡೆಯದಿದ್ದರೆ ಹೊಸ ವಿಳಾಸಪಟ್ಟಿಯು ಹಳೆಯದರ ಮೇಲೆಯೇ ಕೂರುತ್ತಿತ್ತು. ಹೊಸ ಪೂಲ್ ಕಟ್ಟುವುದು, ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಇವೆರಡನ್ನೂ ಎಂದಿಗೂ ಮಾಡಕೂಡದು.

ಬಯಲುಸೀಮೆಯಲ್ಲಿ ಹಿಂದೆ ಧಾನ್ಯವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ತೆರೆದೊಡನೆ ಬಲ್ಲವರಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಬೀಳಲು ಬಿಟ್ಟು ಅನಂತರ ಇಳಿಯುತ್ತಿದ್ದರು. ಇಲ್ಲಿಯೂ ಅದೇ ನಿಧಾನ ಬೇಕು.

ಮೊದಲು, ಡಿಸ್ಕುಗಳೆಲ್ಲ ಯಂತ್ರಕ್ಕೆ ಕಾಣುತ್ತಿವೆಯೇ ಎಂದು ನೋಡತಕ್ಕದ್ದು. ಸಡಿಲವಾದ ಒಂದು ತಂತಿ ಸಾಕು, ಕಣಜ ಮಾಯವಾಗಲು. ಎರಡನೆಯದಾಗಿ, ಲಿನಕ್ಸ್ ಯಂತ್ರಗಳಲ್ಲಿ ಝಡ್‌ಎಫ್‌ಎಸ್ ಪರವಾನಗಿಯ ತೊಡಕಿನಿಂದಾಗಿ ಕರ್ನಲ್ಲಿನ ಭಾಗವಾಗಿರದೆ ಬೇರೆ ಮಾಡ್ಯೂಲಾಗಿ ಸೇರುತ್ತದೆ. ಕರ್ನಲ್ ನವೀಕರಣವಾದ ಮೇಲೆ ಅದು ಸೇರಿಕೊಳ್ಳದೆ ಉಳಿದಿರಬಹುದು. ಮೂರನೆಯದು, ಹೆಸರು ಹೇಳದೆ ಝಡ್‌ಪೂಲ್ ಇಂಪೋರ್ಟ್ ಎಂಬ ಆಜ್ಞೆಯನ್ನು ಕೊಡುವುದು. ಇದು ಏನನ್ನೂ ಬದಲಿಸುವುದಿಲ್ಲ; ಸಿಕ್ಕ ಪೂಲುಗಳನ್ನೂ ಅವುಗಳ ಸ್ಥಿತಿಯನ್ನೂ ಪಟ್ಟಿಮಾಡಿ ತೋರಿಸುತ್ತದೆ, ಅಷ್ಟೆ.

ಎಸ್‌ಡಿಎ, ಎಸ್‌ಡಿಬಿ ಎಂಬ ಡಿಸ್ಕಿನ ಹೆಸರುಗಳು ಪ್ರತಿ ಪ್ರಾರಂಭದಲ್ಲಿಯೂ ಅದಲುಬದಲಾಗಬಲ್ಲವು. ಹಳೆಯ ಟಿಪ್ಪಣಿಯ ಹೆಸರನ್ನು ನಂಬಿ ಯಂತ್ರವು ಪೂಲನ್ನು ಕಾಣದಿದ್ದರೆ, ಡಿಸ್ಕಿನ ಕ್ರಮಸಂಖ್ಯೆಯನ್ನು ಆಧರಿಸಿದ ಸ್ಥಿರನಾಮಗಳ ಮೂಲಕ ಹುಡುಕಿಸಬೇಕು. ಈ ಪೂಲ್ ಬೇರೊಂದು ಯಂತ್ರದ ಬಳಕೆಯಲ್ಲಿತ್ತು ಎಂದು ಉತ್ತರ ಬಂದರೆ, ಆ ಬೇರೆ ಯಂತ್ರ ನಿಜವಾಗಿಯೂ ಅದನ್ನು ಬಳಸುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಲವಂತದ ಇಂಪೋರ್ಟ್ ಮಾಡಬಹುದು. ಇಬ್ಬರು ಏಕಕಾಲಕ್ಕೆ ಒಂದೇ ಪುಸ್ತಕದಲ್ಲಿ ಬರೆದರೆ ಲೆಕ್ಕ ಉಳಿದೀತೆ?

ಇಂಪೋರ್ಟ್ ಆಗಿಯೂ ಕಡತಗಳು ಕಾಣದಿದ್ದರೆ ದೋಷ ಮೌಂಟಿನದು. ಗೂಢಲಿಪಿಯ ಕೀಲಿ ಕೊಡದೆ ಇದ್ದಿರಬಹುದು. ಇಲ್ಲವೆ ತೆರೆದಿಡಬೇಕಾದ ಜಾಗದಲ್ಲಿ ಆಗಲೇ ಬೇರೆ ಕಡತಗಳು ಸೇರಿಕೊಂಡಿರಬಹುದು.

ಇವೆಲ್ಲವೂ ವಿಫಲವಾಗಿ ಪೂಲ್ ಕೆಟ್ಟಿದೆಯೆಂಬ ಉತ್ತರವೇ ಬಂದಾಗ, ಓದಲು ಮಾತ್ರ ಎಂಬ ನಿಬಂಧನೆಯೊಡನೆ ತೆರೆದು, ಸಿಕ್ಕಷ್ಟನ್ನು ಮೊದಲು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಹಾಗೂ ತೆರೆಯದಿದ್ದರೆ ಹಿಂದಿನ ಅನುಕ್ರಮಣಿಕೆಗೆ ಮರಳುವ ದಾರಿಯುಂಟು. ಬರವಣಿಗೆಯನ್ನು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಗಂಟುಕಟ್ಟುವುದರಿಂದ, ಕೊನೆಯ ಕೆಲವು ಗಂಟುಗಳನ್ನು ಕೈಬಿಟ್ಟರೆ ಕೊನೆಯ ಕೆಲವು ಸೆಕೆಂಡುಗಳ ಕೆಲಸವಷ್ಟೇ ನಷ್ಟವಾದೀತು. ಹೀಗೆ ಮರಳಿದರೆ ಪೂಲ್ ತೆರೆಯಬಲ್ಲುದೇ ಎಂದು, ಏನನ್ನೂ ಬದಲಿಸದೆ ಪರೀಕ್ಷಿಸುವ ಅನುಕೂಲವೂ ಇದೆ. ಡಿಸ್ಕೇ ಸಾಯುತ್ತಿದ್ದರೆ ಮಾತ್ರ ಎಲ್ಲಕ್ಕಿಂತ ಮೊದಲು ಅದರ ಯಥಾಪ್ರತಿ ತೆಗೆಯತಕ್ಕದ್ದು.

ಪೂಲ್ ಮರಳಿದ ಮೇಲೆ ಸ್ಕ್ರಬ್ ಎಂಬ ತಪಾಸಣೆ ಮಾಡಿಸಿದರೆ ಪ್ರತಿಯೊಂದು ತುಣುಕೂ ತನ್ನ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂಬುದು ತಿಳಿಯುತ್ತದೆ. ಆದರೂ ಒಂದು ಮಾತನ್ನು ಮರೆಯಲಾಗದು. ಒಂದೇ ಪೆಟ್ಟಿಗೆಯಲ್ಲಿ ಎಷ್ಟು ಡಿಸ್ಕುಗಳಿದ್ದರೂ ಅದು ಒಂದೇ ಕಣಜ. ಬೆಂಕಿಗೂ ಕಳ್ಳನಿಗೂ ಅದು ಒಂದೇ ತುತ್ತು. ಹಿಂದೆ ಒಂದು ಗ್ರಂಥ ಉಳಿದು ಬಂದದ್ದು ಅದರ ಪ್ರತಿ ಮತ್ತೊಂದು ಊರಿನ ಮನೆಯಲ್ಲಿಯೂ ಇದ್ದುದರಿಂದ. ಯಂತ್ರಗಳು ಎಷ್ಟು ಬದಲಾದರೂ ಬರಹವನ್ನು ಉಳಿಸುವ ಉಪಾಯ ಅದೇ ಆಗಿ ಉಳಿದಿದೆ.