ಬಿಪಿ ಮಾತ್ರೆಯ ಜೊತೆಗೊಂದು ನಾಯಿಮರಿ

ಹೃದಯಾಘಾತವಾಗಿ ಆಸ್ಪತ್ರೆ ಸೇರಿ, ಬದುಕಿ ಮನೆಗೆ ಮರಳಿದವರಲ್ಲಿ ವರ್ಷ ಕಳೆದ ಮೇಲೂ ಉಳಿಯುವವರು ಯಾರು? ಅಮೆರಿಕದ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಇದನ್ನು ತಿಳಿಯಲು ರೋಗಿಗಳ ಸಂಸಾರ, ಬಂಧುಬಳಗ, ನೆರೆಹೊರೆ ಎಲ್ಲವನ್ನೂ ಕೆದಕಿ ಕೇಳಿದ್ದರು. ಉದ್ದದ ಆ ಪ್ರಶ್ನಾವಳಿಯ ನಡುವೆ ಎಲ್ಲೋ, ಮನೆಯಲ್ಲಿ ಸಾಕುಪ್ರಾಣಿ ಇದೆಯೇ ಎಂಬ ಪ್ರಶ್ನೆಯೂ ಸೇರಿಕೊಂಡಿತ್ತು. 1980ರಲ್ಲಿ ಫಲಿತಾಂಶ ಪ್ರಕಟವಾದಾಗ ಎಲ್ಲರ ಕಣ್ಣು ಬಿದ್ದದ್ದು ಅದರ ಉತ್ತರದ ಮೇಲೆಯೇ. 92 ರೋಗಿಗಳಲ್ಲಿ ಪ್ರಾಣಿ ಸಾಕಿದ್ದವರು 53 ಮಂದಿ. ವರ್ಷದೊಳಗೆ ತೀರಿಕೊಂಡವರು ಮೂವರು. ಸಾಕದಿದ್ದ 39 ಮಂದಿಯಲ್ಲಿ 11 ಜನ ಹೋಗಿಬಿಟ್ಟಿದ್ದರು.

ನಾಯಿ ಇದ್ದವರು ನಿತ್ಯ ನಡೆಯುತ್ತಾರೆ, ಅದಕ್ಕೇ ಬದುಕಿದರು ಎನ್ನೋಣವೇ? ನಾಯಿ ಸಾಕಿದವರನ್ನು ಲೆಕ್ಕದಿಂದ ತೆಗೆದು ನೋಡಿದಾಗಲೂ ವ್ಯತ್ಯಾಸ ಉಳಿದಿತ್ತು. ಅಂದರೆ ವಾಕಿಂಗ್ ಒಂದರಿಂದಲೇ ಆದದ್ದಲ್ಲ.

ನ್ಯೂಯಾರ್ಕಿನ ಶೇರು ದಲ್ಲಾಳಿಗಳ ಪ್ರಯೋಗ ಇನ್ನೂ ಸ್ವಾರಸ್ಯದ್ದು. ರಕ್ತದೊತ್ತಡವಿದ್ದ, ಒಂಟಿಯಾಗಿ ಬದುಕುತ್ತಿದ್ದ 48 ಮಂದಿಗೂ ಕರೆನ್ ಆಲನ್ ತಂಡ ಬಿಪಿ ಮಾತ್ರೆ ಕೊಟ್ಟಿತು. ಅರ್ಧದಷ್ಟು ಜನ ಮಾತ್ರೆಯ ಜೊತೆಗೆ ನಾಯಿಯನ್ನೋ ಬೆಕ್ಕನ್ನೋ ತಂದುಕೊಂಡರು. ಸುಮ್ಮನೆ ಕುಳಿತಾಗಿನ ಬಿಪಿ ಎರಡೂ ಗುಂಪಿನವರಲ್ಲಿ ಇಳಿಯಿತು. ಆದರೆ ತಲೆಬಿಸಿಯ ಕೆಲಸ ಕೊಟ್ಟಾಗ ಏರುವ ಬಿಪಿಯನ್ನು ಮಾತ್ರೆಯೊಂದೇ ಅಷ್ಟಾಗಿ ತಡೆಯಲಿಲ್ಲ. ಪ್ರಾಣಿ ಸಾಕಿದವರಲ್ಲಿ ಆ ಏರಿಕೆ ಎದ್ದು ಕಾಣುವಷ್ಟು ಕಡಿಮೆಯಿತ್ತು. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಮತ್ತೊಂದನ್ನು ತೋರಿಸಿದರು: ನಾಯಿ ಮತ್ತು ಯಜಮಾನ ಕಣ್ಣಲ್ಲಿ ಕಣ್ಣಿಟ್ಟು ನೋಡುವಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ. ತಾಯಿ ಮಗುವಿನ ನಂಟನ್ನು ಬೆಸೆಯುವ ಹಾರ್ಮೋನು ಅದು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳಲ್ಲಿ ಹಾಗಾಗಲಿಲ್ಲವಂತೆ.

ಇಷ್ಟು ಓದಿದ ಕೂಡಲೇ ನಾಯಿ ಅಂಗಡಿಗೆ ಓಡಬೇಡಿ. ಕ್ಯಾಲಿಫೋರ್ನಿಯಾದ ಐದು ಸಾವಿರಕ್ಕೂ ಹೆಚ್ಚು ಮನೆಗಳ ಮಾಹಿತಿ ಇಟ್ಟುಕೊಂಡು 2017ರಲ್ಲಿ ನಡೆದ ಅಧ್ಯಯನ ಈ ಉತ್ಸಾಹಕ್ಕೆ ತಣ್ಣೀರೆರಚಿತು. ಪ್ರಾಣಿ ಇರುವ ಮನೆಯ ಮಕ್ಕಳು ಮೇಲ್ನೋಟಕ್ಕೆ ಹೆಚ್ಚು ಆರೋಗ್ಯವಂತರೇ. ಆದರೆ ಆ ಮನೆಗಳ ಆದಾಯವೂ ಹೆಚ್ಚು, ಸ್ವಂತ ಮನೆ ಇರುವವರೂ ಹೆಚ್ಚು. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದಾಗ ನಾಯಿ ಬೆಕ್ಕಿನ ಪಾಲು ಏನೂ ಉಳಿಯಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2013ರಲ್ಲಿ, ನಾಯಿ ಸಾಕುವುದು ಹೃದಯಕ್ಕೆ ಒಳ್ಳೆಯದಿರಬಹುದು ಎನ್ನುತ್ತಲೇ, ಹೃದಯದ ನೆಪಕ್ಕಾಗಿ ಪ್ರಾಣಿ ತರಬೇಡಿ ಎಂದೂ ಹೇಳಿತು.

ಹಾಗಾದರೆ ಸತ್ಯ ಯಾವುದು? ಸ್ವೀಡನ್ನಿನಲ್ಲಿ 34 ಲಕ್ಷ ಜನರ ದಾಖಲೆಗಳನ್ನು ಹನ್ನೆರಡು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅಲ್ಲಿ ನಾಯಿ ಇದ್ದವರ ಸಾವಿನ ಅಪಾಯ ಎಲ್ಲರಿಗಿಂತ ಹೆಚ್ಚು ತಗ್ಗಿ ಕಂಡದ್ದು ಒಂಟಿಯಾಗಿ ಬಾಳುವವರಲ್ಲಿ, ಶೇ 33ರಷ್ಟು. ಆರೋಗ್ಯವಾಗಿರುವವರೇ ನಾಯಿ ಸಾಕುತ್ತಾರೆ ಎಂಬ ಆಕ್ಷೇಪ ಇದಕ್ಕೂ ಇದೆ. ಆದರೂ ಒಂಟಿಯವರ ಲೆಕ್ಕ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ನಮ್ಮ ಬಡಾವಣೆಗಳನ್ನೇ ನೋಡಿ. ಮಕ್ಕಳು ಅಮೆರಿಕದಲ್ಲಿ, ದೊಡ್ಡ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಾಯಿಗೆ ಬೆಳಗಿನ ಆರು ಗಂಟೆಯೆಂದರೆ ಆರೇ ಗಂಟೆ. ಮಂಡಿನೋವು ಎಂದರೆ ಅದು ಕೇಳುವುದಿಲ್ಲ. ಪಾರ್ಕಿನಲ್ಲಿ ಹೆಸರೇ ಗೊತ್ತಿಲ್ಲದ ಹಿರಿಯರು ‘ಬ್ರೂನೋ ಅಪ್ಪ’, ‘ರಾಣಿ ಅಜ್ಜಿ’ ಆಗುತ್ತಾರೆ, ಮಾತು ಬೆಳೆಯುತ್ತದೆ. ಮಗ ಟಿಕೆಟ್ ಕಳಿಸಿದರೂ ‘ಇದನ್ನ ಬಿಟ್ಟು ಹೇಗೆ ಬರೋದೋ’ ಎನ್ನುವವರಿದ್ದಾರೆ. ಮನುಷ್ಯನಿಗೆ ಆರೈಕೆ ಬೇಕು ನಿಜ, ಆರೈಕೆ ಮಾಡಲು ಒಂದು ಜೀವವೂ ಬೇಕು. ಔಷಧಿಯ ಗುಣ ಇರುವುದು ಆ ಹೊಣೆಯಲ್ಲೇ ಎಂಬುದು ನನ್ನ ಅನಿಸಿಕೆ.

ಹೊಣೆ ಬೇಡ, ಮುದ್ದು ಮಾತ್ರ ಸಾಕು ಎನ್ನುವವರಿಂದ ತೊಂದರೆ ಶುರು. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತರುವುದು ಯಾವ ಪ್ರೀತಿಯೋ! ಓಡಿ ಬೇಟೆಯಾಡಲೆಂದೇ ಬೆಳೆದ ಮುಧೋಳ ತಳಿಯನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿಹಾಕುವುದೂ ಅಷ್ಟೇ. ಬೇಸರ ಬಂದಾಗ ರಸ್ತೆಗೆ ಬಿಟ್ಟ ತಳಿನಾಯಿಗೆ ಬೀದಿಯಲ್ಲಿ ಬದುಕುವ ಕಲೆಯೂ ಗೊತ್ತಿರುವುದಿಲ್ಲ.

ಇನ್ನು ರೇಬಿಸ್. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದು ಭಾಗದಷ್ಟು ಭಾರತದಲ್ಲೇ ಆಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯ ನಾಯಿಗೂ ಲಸಿಕೆ ತಪ್ಪಬಾರದು. ಕಚ್ಚಿದರೆ ಅರಿಶಿನ, ಸುಣ್ಣ ಮೆತ್ತದೆ, ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಾಯಿಯ ಆಯುಷ್ಯ ಹತ್ತರಿಂದ ಹದಿನಾಲ್ಕು ವರ್ಷ. ಅಷ್ಟು ಕಾಲ ಊಟ, ಲಸಿಕೆ, ವಾಕಿಂಗ್ ಯಾರ ಪಾಲಿಗೆ, ನೀವು ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ಮನೆಯವರೆಲ್ಲ ಕುಳಿತು ಮೊದಲೇ ಮಾತಾಡಿಕೊಳ್ಳಿ. ಉತ್ತರ ಸಿಕ್ಕರೆ, ಸಾವಿರಾರು ರೂಪಾಯಿ ಸುರಿದು ತಳಿನಾಯಿ ಕೊಳ್ಳುವ ಮುನ್ನ ನಿಮ್ಮ ಬೀದಿಯಲ್ಲೇ ಹುಟ್ಟಿದ ಮರಿಗಳತ್ತ ಒಮ್ಮೆ ನೋಡಿ.