ಗೋಂಕರು ಕಪ್ಪೆಯೂ ಅದರ ಆಫ್ರಿಕದ ದಾಯಾದಿಯೂ

ಹಂಪೆಯ ಎದುರಿಗೆ, ತುಂಗಭದ್ರೆಯ ಕವಲುಗಳ ನಡುವೆ ವಿರೂಪಾಪುರಗಡ್ಡೆಯಿದೆ. ಹೆಬ್ಬಂಡೆಗಳ ಮಗ್ಗುಲಲ್ಲೇ ಬತ್ತದ ಗದ್ದೆ. ಮುಂಗಾರಿನ ಮೊದಲ ಜಡಿಮಳೆಯ ರಾತ್ರಿ ಇಂಥ ಗದ್ದೆಯ ಬದುವಿನಲ್ಲಿ ನಿಂತ ವಾಚಕರಿಗೆ ಗೋಂಕರು ಕಪ್ಪೆಯ ಕೂಗನ್ನು ವರ್ಣಿಸಿ ಹೇಳಬೇಕಾಗಿಲ್ಲ. ಪ್ರಾಣಿಶಾಸ್ತ್ರಜ್ಞರು ಇದನ್ನು ಹೊಪ್ಲೊಬಟ್ರಾಕಸ್ ಟೈಗರೈನಸ್ ಎನ್ನುತ್ತಾರೆ.

ಸುಮಾರು 16 ಸೆಂಟಿಮೀಟರು ಉದ್ದದ ಜೀವಿಯಿಂದ ಅಷ್ಟು ದೊಡ್ಡ ಸದ್ದು ಬರುವುದೆಂತು? ಭೌತಶಾಸ್ತ್ರ ಬೋಧಿಸುವವನಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಶ್ವಾಸಕೋಶದ ಗಾಳಿ ಗಂಟಲಿನಲ್ಲಿ ಕಂಪನವನ್ನೆಬ್ಬಿಸಿ, ಗಂಡಿನ ಕೊರಳ ಇಕ್ಕೆಲದ ನೀಲಿ ಚೀಲಗಳನ್ನು ಉಬ್ಬಿಸುತ್ತದೆ. ವೀಣೆಯ ತಂತಿಯ ನಾದವನ್ನು ಅದರ ಕೊಡ ಹರಡುವಂತೆ, ಚೀಲದ ತೆಳುಪೊರೆ ಸದ್ದನ್ನು ಹೊರಗಿನ ಗಾಳಿಗೆ ದಾಟಿಸುತ್ತದೆ. ಒಳಗಿನ ಗಾಳಿ ಮರಳಿ ಶ್ವಾಸಕೋಶವನ್ನೇ ಸೇರುವುದರಿಂದ ಕೂಗು ಕೂಗಿಗೂ ಹೊಸ ಉಸಿರು ಬೇಕಿಲ್ಲ.

ಈ ಕುಲದ ಕಪ್ಪೆಗಳೆಲ್ಲ ಏಷ್ಯದವು. ಒಂದು ಮಾತ್ರ ಆಫ್ರಿಕದ್ದು. ಅದರ ಪೂರ್ವಜರು ಏಷ್ಯದಿಂದಲೇ ಹೋದರೆಂದು ವಂಶವಾಹಿಗಳ ಅಧ್ಯಯನ ಸೂಚಿಸಿದೆ. ಪಶ್ಚಿಮ ಆಫ್ರಿಕದ ಹುಲ್ಲುಗಾವಲುಗಳಲ್ಲಿ, ಬಂಡೆಗಳ ಮೇಲೆ ನಿಂತ ಮಳೆನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಮರಿಗಳು ಮಾಂಸಾಹಾರಿಗಳು, ಒಡಹುಟ್ಟಿದವನ್ನೂ ಬಿಡುವುದಿಲ್ಲ. ಆದುದರಿಂದ ತಾಯಿ ಆಗಲೇ ಮರಿಗಳಿರುವ ಹೊಂಡವನ್ನು ತೊರೆದು ಬೇರೆಯದನ್ನು ಹುಡುಕುತ್ತದೆ. ಹೊಂಡ ಬತ್ತುವುದರೊಳಗೆ ಮರಿಗೆ ಕಾಲು ಮೂಡಬೇಕು. ನಮ್ಮ ಕಪ್ಪೆಯ ಮರಿಗಳ ಬಾಳೂ ಹೆಚ್ಚುಕಡಿಮೆ ಹೀಗೆಯೇ.

ಆಫ್ರಿಕದ ಕಪ್ಪೆಯನ್ನು ಬೆನಿನ್, ನೈಜೀರಿಯ ಮೊದಲಾದೆಡೆ ಹಿಡಿದು ಮಾರಿ ತಿನ್ನುವರು. ನಮ್ಮದರ ಕಾಲುಗಳೂ ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಟನ್ನು ಪರದೇಶಗಳಿಗೆ ಹೋಗುತ್ತಿದ್ದವು. 1985ರಲ್ಲಿ ಇದರ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. 1987ರಲ್ಲಿ ಭಾರತ ರಫ್ತನ್ನೇ ನಿಷೇಧಿಸಿತು. ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆಯನ್ನು ಮಾರಿ, ಅದೇ ಹುಳುಗಳಿಗೆ ವಿಷ ಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಾಗಿರಲಿಲ್ಲ.

ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಈ ಎರಡೂ ಕಪ್ಪೆಗಳು 'ಅತಿ ಕಡಿಮೆ ಆತಂಕ'ದ ವರ್ಗದಲ್ಲಿವೆ. ಅಂಡಮಾನಿನಲ್ಲಂತೂ, ಮನುಷ್ಯರು ಕೊಂಡೊಯ್ದ ನಮ್ಮ ಕಪ್ಪೆಯೇ ಅಲ್ಲಿಯ ಕಪ್ಪೆಗಳ ಮರಿಗಳನ್ನು ತಿನ್ನುವ ಉಪದ್ರವಕಾರಿಯಾಗಿದೆ! ಆದರೆ ಆ ವರ್ಗ ಇಡೀ ಜಾತಿಯ ಲೆಕ್ಕ; ಒಂದು ಗಡ್ಡೆಯ, ಒಂದು ಗದ್ದೆಯ ಲೆಕ್ಕವಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನು ಚರ್ಮದಿಂದಲೇ ಹೀರುತ್ತದೆ. ಆಮ್ಲಜನಕ ನುಸುಳುವ ಆ ತೆಳುಪದರದಲ್ಲಿ ಕೀಟನಾಶಕವೂ ನುಸುಳಬಲ್ಲದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಕಪ್ಪೆ ಬರುವುದೂ, ಪೈರಿಗೆ ಮದ್ದು ಹೊಡೆಯುವುದೂ ಗೇಣುದ್ದದ ಅದೇ ನೀರಿಗೆ.