ಲಂಡನ್ನಿನಿಂದ ಪ್ಯಾರಿಸ್ಸಿಗೆ: ದೂರವೆಷ್ಟು, ಹೊತ್ತೆಷ್ಟು?

ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಿದರೆ ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವಣ ನೇರ ಅಂತರ ಸುಮಾರು 340 ಕಿಲೋಮೀಟರುಗಳು. 1919ರ ಆಗಸ್ಟ್ 25ರಂದು ಈ ಎರಡು ನಗರಗಳ ನಡುವೆ ನಿತ್ಯದ ವಿಮಾನ ಸಂಚಾರ ಆರಂಭವಾದಾಗ ಪಯಣಕ್ಕೆ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಇಂದಿನ ಜೆಟ್ ವಿಮಾನದ ವೇಳಾಪಟ್ಟಿಯಲ್ಲಿ ಅದು ಸುಮಾರು ಒಂದೂಕಾಲು ಗಂಟೆ.

ಆದರೆ ಗಡಿಯಾರವನ್ನಷ್ಟೇ ನಂಬಿದರೆ ನಾವು ಮೋಸಹೋಗುತ್ತೇವೆ. ಪ್ಯಾರಿಸ್ಸಿನ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದು. ಲಂಡನ್ನಿನಿಂದ ಬೆಳಿಗ್ಗೆ 10 ಗಂಟೆಗೆ ಹೊರಟವರು ಪ್ಯಾರಿಸ್ಸಿನಲ್ಲಿ ಇಳಿಯುವಾಗ ಅಲ್ಲಿ 12-15. ಮರಳುವಾಗ 10 ಗಂಟೆಗೆ ಹೊರಟರೆ ಲಂಡನ್ನಿನಲ್ಲಿ 10-15 ಮಾತ್ರ! ಹಾರಿದ ಹೊತ್ತು ಎರಡು ಸಲವೂ ಒಂದೇ. ಮಕ್ಕಳನ್ನು ಕಾಣಲು ಅತ್ತ ಹೋಗುವ ಹಿರಿಯರು ಈ ಒಂದು ಗಂಟೆಯನ್ನು ಮರೆತರೆ ಮುಂದಿನ ವಿಮಾನ ತಪ್ಪೀತು.

ಇನ್ನೊಂದು ಲೆಕ್ಕವೂ ಉಂಟು. ಲಂಡನ್ನಿನ ಹೀಥ್ರೋ, ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣಗಳೆರಡೂ ಊರಿನ ನಡುವಿನಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಗೆ ಹೋಗುವ, ತಪಾಸಣೆಗೆ ನಿಲ್ಲುವ, ಸಾಮಾನಿಗಾಗಿ ಕಾಯುವ ಹೊತ್ತನ್ನು ಕೂಡಿಸಿದರೆ ಒಂದೂಕಾಲು ಗಂಟೆ ನಾಲ್ಕೈದು ಗಂಟೆಯಾಗುತ್ತದೆ. 1994ರಲ್ಲಿ ತೆರೆದ, ಕಡಲಡಿಯ ಸುರಂಗದಲ್ಲಿ ಸಾಗುವ ರೈಲಾದರೋ ಸುಮಾರು ಎರಡೂಕಾಲು ಗಂಟೆಯಲ್ಲಿ ಊರಿನ ನಡುವಿನಿಂದ ಊರಿನ ನಡುವಿಗೇ ಮುಟ್ಟಿಸುತ್ತದೆ. ಅದಕ್ಕೂ ಮುಂಚಿತವಾಗಿ ಹೋಗಬೇಕಾದರೂ ಅನೇಕ ವೇಳೆ ಮೊದಲು ತಲುಪುವುದು ಅದೇ.

ಹೊಸ್ತಿಲಿನಿಂದ ಹೊಸ್ತಿಲಿಗೆ ಹಿಡಿಯುವ ಹೊತ್ತೇ ಪಯಣದ ನಿಜವಾದ ಅಳತೆಯೆಂದು ನಾವು ತಿಳಿಯಬೇಕು.